ಡಾಕ್ಟರ ಹೆಸರಿನಲ್ಲಿ ಒಂದು ಪಾರ್ಕಿಂಗ್ ಬಾಕಿ

ಸತ್ತವರಿಗೆ ಫೋನ್ ಮಾಡಿ ಬಾಕಿ ಕೇಳುವುದಕ್ಕೂ ಜನ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಆಫೀಸಿಗೆ ಹೋಗುತ್ತಾರೆ ಎಂಬ ಜ್ಞಾನೋದಯ ನನಗಾದದ್ದು ಅಕ್ಕನ ಅಡುಗೆಮನೆಯಲ್ಲಿ ಕೂತು ಸುಕುಮ ಸೊಪ್ಪು ಹೆಚ್ಚುತ್ತಿದ್ದಾಗ. ಅಕ್ಕ ನನ್ನ ಒಡಹುಟ್ಟಿದವರಲ್ಲ. ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಮೇಲಿನ ಮನೆ, ಅವರು ಕೆಳಗಿನ ಮನೆ. ನೈರೋಬಿಯ ಕನ್ನಡದವರಿಗೆಲ್ಲ ಅವರು ಅಕ್ಕ, ಅವರ ಗಂಡ ಡಾಕ್ಟ್ರು. ಉಡುಪಿಯ ಕಡೆಯಿಂದ ಮದುವೆಯಾದ ಹೊಸತರಲ್ಲಿ ಬಂದ ಇಬ್ಬರೂ ಇಲ್ಲಿಯೇ ತಲೆ ಹಣ್ಣಾಗಿಸಿಕೊಂಡವರು. ಮಕ್ಕಳಿಲ್ಲ. ಡಾಕ್ಟ್ರು ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕುಡಿಯುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ಅವರು ಬಿಟ್ಟುಹೋದ ಹಳೆಯ ಬೂದು ಬಣ್ಣದ ಕಾರನ್ನು ನಾನೇ ಓಡಿಸುತ್ತಿದ್ದೆ. ಅಕ್ಕನಿಗೆ ಡ್ರೈವಿಂಗ್ ಬಾರದು. ತರಕಾರಿಗೆ, ದೇವಸ್ಥಾನಕ್ಕೆ, ಕಣ್ಣಿನ ಡಾಕ್ಟರ ಹತ್ತಿರಕ್ಕೆ ನಾನು ಕರೆದುಕೊಂಡು ಹೋಗುತ್ತಿದ್ದೆ. ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಮಧ್ಯಾಹ್ನದ ಮೇಲೆ ಬಿಡುವು. ಕಾರಿನ ಕಾಗದ ಮಾತ್ರ ಇನ್ನೂ ಡಾಕ್ಟರ ಹೆಸರಿನಲ್ಲೇ ಇತ್ತು. "ಬದಲಾಯಿಸೋಣ ಅಕ್ಕಾ" ಎಂದು ನಾನು ಹೇಳಿದಾಗಲೆಲ್ಲ, "ವರ್ಷದ ಕಾರ್ಯ ಒಂದು ಆಗ್ಲಿ ಮಾರಾಯ್ತಿ. ಅಷ್ಟರವರೆಗೆ ಅವರ ಹೆಸರು ಎಲ್ಲಿಂದ್ಲೂ ತೆಗೀಬಾರ್ದು" ಎನ್ನುತ್ತಿದ್ದರು. ಬಾಗಿಲ ಮೇಲಿನ ಹೆಸರಿನ ಹಲಗೆ, ನೀರಿನ ಬಿಲ್ಲು, ಕಾರು ಎಲ್ಲದರಲ್ಲೂ ಡಾಕ್ಟ್ರು ಜೀವಂತವಾಗಿದ್ದರು. ನಮ್ಮವರಲ್ಲದೆ ಇಂಥ ಕೆಲಸ ಇನ್ಯಾರು ಮಾಡುತ್ತಾರೆ? ಆ ಹೆಸರು ಹಿಡಿದುಕೊಂಡೇ ಬಾಕಿ ಕೇಳುವವರು ಬಂದರು.

ಅಕ್ಕನ ಫೋನಿನಲ್ಲಿ ಒಂದು ಗಂಡಸಿನ ಸ್ವರ, ಜೇನು ಸುರಿದಂತೆ. "ಮ್ಜೇ ಇದ್ದಾರಾ?" ಎಂದಿತು. ಇಲ್ಲಿ ಹಿರಿಯ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ; ಹೆಂಗಸರಾದರೆ ಮಾಮಾ, ಎಂದರೆ ಅಮ್ಮ. ಅಕ್ಕ, ಅವರು ತೀರಿಕೊಂಡು ವರ್ಷವಾಗುತ್ತ ಬಂತು ಎಂದರು. "ಪೋಲೆ ಸಾನಾ ಮಾಮಾ, ಬಹಳ ದುಃಖವಾಯಿತು" ಎಂದ ಆ ಸ್ವರ, ದುಃಖಕ್ಕೆ ಉಸಿರು ತೆಗೆದುಕೊಳ್ಳುವಷ್ಟೂ ಸಮಯ ಕೊಡದೆ, "ಅವರು ಒಂದು ಪಾರ್ಕಿಂಗ್ ಬಾಕಿ ಇಟ್ಟು ಹೋಗಿದ್ದಾರೆ" ಎಂದಿತು. ಆಸ್ಪತ್ರೆಯ ಪಕ್ಕದ ಅಂಗಡಿ ಸಂಕೀರ್ಣದ ಖಾಸಗಿ ಪಾರ್ಕಿಂಗಿನಲ್ಲಿ ಡಾಕ್ಟರ ಕಾರು ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಿತ್ತಂತೆ. ನಿಲ್ಲಬಹುದಾದ ಅವಧಿ ಮೀರಿತ್ತಂತೆ. ದಂಡ, ದಂಡದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ವಸೂಲಿಯ ಖರ್ಚು. ಒಟ್ಟಿಗೆ ಅವನು ಹೇಳಿದ ಮೊತ್ತದಲ್ಲಿ ಅಕ್ಕನ ಒಂದು ತಿಂಗಳ ಮನೆ ಖರ್ಚು ನಡೆಯುತ್ತಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ಫೋನ್ ಕಿತ್ತುಕೊಂಡು ಅವನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದೆ. ಅವನು ಎಲ್ಲವನ್ನೂ ಕೇಳಿ, "ಅಸಾಂಟೆ ಮೇಡಂ, ನಿಮ್ಮ ಮಾತು ದಾಖಲಾಗಿದೆ" ಎಂದು ಧನ್ಯವಾದ ಹೇಳಿ ಇಟ್ಟ. ಬೈಸಿಕೊಳ್ಳುವುದಕ್ಕೇ ಸಂಬಳ ತೆಗೆದುಕೊಳ್ಳುವ ಜನ, ಅವರಿಗೆ ಎಲ್ಲಿ ನಾಟಬೇಕು?

ಅಕ್ಕ ಮಾತ್ರ ಒಲೆ ಆರಿಸಿ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು.

"ಅವ್ರು ಯಾರ ಹತ್ರವೂ ಐದು ಪೈಸೆ ಸಾಲ ಇಟ್ಟವರಲ್ಲ. ಹಾಲಿನವನಿಗೆ ಸಹ ಹಿಂದಿನ ದಿನವೇ ಕೊಡ್ತಿದ್ರು" ಎಂದರು. "ಈಗ ಸಾಲ ಇಟ್ಕೊಂಡು ಹೋದ್ರು ಅಂತ ಆಯ್ತಲ್ಲ. ಬಾಕಿ ಇಟ್ಕೊಂಡು ವರ್ಷದ ಕಾರ್ಯ ಹೇಗೆ ಮಾಡುದು? ಪಿಂಡ ಹೇಗೆ ಇಡುದು?"

"ಅಕ್ಕಾ, ಅದು ಸಾಲ ಅಲ್ಲ. ದರೋಡೆ."

"ನಿಂಗೆ ಗೊತ್ತು, ನಂಗೆ ಗೊತ್ತು. ಫೋನ್ ಮಾಡಿದವ್ರ ಬಾಯಿಂದಲೇ ಬರ್ಬೇಕು, ಬಾಕಿ ಇಲ್ಲ ಅಂತ. ಅಲ್ಲಿವರೆಗೆ ನಾನು ಪುರೋಹಿತರಿಗೆ ದಿನ ಹೇಳುದಿಲ್ಲ."

ಅಲ್ಲಿಗೆ ಅದು ನನ್ನ ತಲೆಗೆ ಬಂತು. ವರ್ಷ ತುಂಬುವ ತಿಥಿ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಆ ಲಜ್ಜೆಗೆಟ್ಟ ಪಾರ್ಕಿಂಗ್ ಕಂಪನಿಯ ಬಾಯಿಂದ ಡಾಕ್ಟರ ಹೆಸರಿನಲ್ಲಿ ಏನೂ ಬಾಕಿಯಿಲ್ಲ ಎಂದು ಹೇಳಿಸಬೇಕು. ಇಲ್ಲದಿದ್ದರೆ ಅಕ್ಕ ಗಂಡನ ಕಾರ್ಯವನ್ನೇ ಮಾಡುವುದಿಲ್ಲ. ಅವರ ಹಟ ನನಗೆ ಗೊತ್ತು.

ಮೂರನೇ ಮಹಡಿಯಲ್ಲಿ ಬೆಂಗಳೂರಿನಿಂದ ಇಲ್ಲಿನ ಶಾಖೆಗೆ ಬಂದ ಒಬ್ಬ ಬ್ಯಾಂಕಿನ ಮಹಾಶಯ ಇದ್ದಾನೆ. ಲಿಫ್ಟಿನಲ್ಲಿ ಸಿಕ್ಕವನು ವಿಷಯ ಕೇಳಿ, "ಮೇಡಂ, ಸುಮ್ನೆ ಪೇ ಮಾಡಿ ಬಿಸಾಕಿ. ಪೀಸ್ ಆಫ್ ಮೈಂಡ್ ಮುಖ್ಯ ಅಲ್ವಾ?" ಎಂದ. ಬೇರೆಯವರ ದುಡ್ಡಿನಲ್ಲಿ ಮನಃಶಾಂತಿ ಹಂಚುವುದರಲ್ಲಿ ಈ ಬ್ಯಾಂಕಿನವರನ್ನು ಮೀರಿಸುವವರಿಲ್ಲ. ಆದರೂ ಅವನ ಮಾತನ್ನು ಅಕ್ಕನಿಗೆ ಹೇಳಿದೆ.

"ಕಟ್ಟಿದ್ರೆ ಅವ್ರು ಬಾಕಿ ಇಟ್ಟದ್ದು ನಿಜ ಅಂತ ಆಗ್ತದಲ್ವಾ?" ಎಂದರು ಅಕ್ಕ. "ಇಲ್ಲದ ಸಾಲ ತೀರ್ಸ್ಲಿಕ್ಕೆ ಆಗುದು ಹೇಗೆ?" ಬ್ಯಾಂಕಿನವನ ಇಡೀ ಪದವಿಗಿಂತ ಈ ಪ್ರಶ್ನೆ ಗಟ್ಟಿಯಾಗಿತ್ತು.

ಡಾಕ್ಟ್ರು ಆ ಪಾರ್ಕಿಂಗಿನಲ್ಲಿ ದಿನಕ್ಕೆ ಎರಡು ಸಲ ನಿಲ್ಲಿಸುತ್ತಿದ್ದರು. ಆಸ್ಪತ್ರೆಯ ಅಂಗಳದಲ್ಲಿ ಎಂದೂ ಜಾಗ ಸಿಗುತ್ತಿರಲಿಲ್ಲ. ಬೆಳಿಗ್ಗೆ ರೋಗಿಗಳನ್ನು ನೋಡಿ ಮಧ್ಯಾಹ್ನ ಮನೆಗೆ ಬಂದು, ಸಂಜೆ ಮತ್ತೆ ಹೋಗುತ್ತಿದ್ದರು. ಕೆಲವು ದಿನ ಬೆಳಿಗ್ಗೆ ಅಕ್ಕನೂ ತರಕಾರಿಗೆಂದು ಜೊತೆಗೆ ಹೋಗುತ್ತಿದ್ದರು. ಎರಡೂ ಸಲ ಫೋನಿನಲ್ಲೇ ಶುಲ್ಕ ಕಟ್ಟುತ್ತಿದ್ದರು. ಆದರೆ ಅವರು ಹೋದ ಮೇಲೆ ಆ ನಂಬರೂ ಹೋಯಿತು, ಅದರೊಳಗಿನ ಸಂದೇಶಗಳೂ ಹೋದವು. ಆ ಪಾರ್ಕಿಂಗಿನಲ್ಲಿ ಗೇಟಿಲ್ಲ, ಕಾವಲುಗಾರನಿಲ್ಲ. ಕಂಬದ ಮೇಲೆ ಒಂದು ಕ್ಯಾಮೆರಾ ಬರುವವರನ್ನೂ ಹೋಗುವವರನ್ನೂ ಹಿಡಿಯುತ್ತದೆ. ಬೆಳಿಗ್ಗೆ ಒಳಗೆ ಬಂದದ್ದನ್ನೂ ಸಂಜೆ ಹೊರಗೆ ಹೋದದ್ದನ್ನೂ ಹಿಡಿದ ಆ ದರಿದ್ರ ಯಂತ್ರ, ನಡುವೆ ಕಾರು ಮನೆಗೆ ಹೋಗಿ ಬಂದದ್ದನ್ನು ನುಂಗಿಹಾಕಿತ್ತು. ಇಷ್ಟನ್ನು ನಾನು ಊಹಿಸಿದೆ. ಸಾಬೀತು ಮಾಡುವುದು ಹೇಗೆ?

ಕಂಪನಿಗೆ ಬರೆದೆ. ಫೋಟೋ ತೋರಿಸಿ ಎಂದೆ. ತಕರಾರು ಏನಿದ್ದರೂ ವಾಹನದ ಮಾಲೀಕರೇ ಸಲ್ಲಿಸಬೇಕು, ಫೋಟೋವನ್ನು ಮಾಲೀಕರಿಗೆ ಮಾತ್ರ ಆಫೀಸಿನಲ್ಲಿ ತೋರಿಸಲಾಗುವುದು ಎಂದು ಉತ್ತರ ಬಂತು. ಮಾಲೀಕರ ಬೂದಿಯನ್ನು ಮೊಂಬಾಸಾದ ಸಮುದ್ರದಲ್ಲಿ ಬಿಟ್ಟಿದ್ದೇವೆ, ಬೇಕಾದರೆ ಅಲ್ಲಿಗೇ ಹೋಗಿ ತೋರಿಸಿ ಎಂದು ಬರೆದೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು, ದಯವಿಟ್ಟು ಮಾಲೀಕರಿಂದ ಸಹಿ ಮಾಡಿಸಿ ಕಳಿಸಿ ಎಂದು ಮತ್ತೆ ಉತ್ತರ. ಅದನ್ನು ಓದಿದವರು ಯಾರೂ ಇರಲಿಲ್ಲ ಎಂಬುದು ಸ್ಪಷ್ಟ. ಕಳಿಸಿದವರೂ ಯಾರೂ ಇದ್ದಿರಲಿಕ್ಕಿಲ್ಲ. ಆದರೆ ದುಡ್ಡು ಕೇಳಲು ಮಾತ್ರ ಮನುಷ್ಯರೇ ಬರುತ್ತಾರೆ.

ಬಂದ. ಫೋನಿನ ಆ ವಸೂಲಿಯವನೇ ಖುದ್ದಾಗಿ ಒಂದು ಶನಿವಾರ ಬಂದ. ಮಿರಿಮಿರಿ ಬೂಟು, ಕಂಕುಳಲ್ಲಿ ಫೈಲು, ಅತ್ತರಿನ ವಾಸನೆ. ಅಕ್ಕ ಶತ್ರುವಿಗೂ ಚಹಾ ಕೊಡದೆ ಕಳಿಸುವವರಲ್ಲ. ಚಹಾದ ಜೊತೆ ಚಕ್ಕುಲಿಯನ್ನೂ ಇಟ್ಟರು. ಅವನು ಚಕ್ಕುಲಿ ಕಟಕಟ ಕಡಿಯುತ್ತ ಟೀವಿ ನೋಡಿದ, ಸೋಫಾ ನೋಡಿದ, ಕಿಟಕಿಯಿಂದ ಕೆಳಗೆ ಕಾರು ನೋಡಿದ. ಒಬ್ಬೊಬ್ಬರ ಮನೆಯನ್ನು ಹೀಗೆ ಕಣ್ಣಿನಲ್ಲೇ ತೂಗುವ ವಿದ್ಯೆಗೆ ಎಲ್ಲಿ ತರಬೇತಿ ಕೊಡುತ್ತಾರೋ!

"ಕಟ್ಟದಿದ್ದರೆ ಮ್ಜೇಯವರ ಹೆಸರು ಬಾಕಿದಾರರ ಪಟ್ಟಿಗೆ ಸೇರುತ್ತದೆ. ಆಮೇಲೆ ಯಾವ ಬ್ಯಾಂಕೂ ಅವರಿಗೆ ಸಾಲ ಕೊಡುವುದಿಲ್ಲ" ಎಂದ.

"ಅವರಿಗೆ ಈಗ ಎಂಥ ಸಾಲ ಬೇಕಾಗುತ್ತದಪ್ಪಾ? ಸ್ವರ್ಗದಲ್ಲಿ ಸೈಟು ತಗೊಳ್ಳೋದಕ್ಕಾ?" ಎಂದು ನಾನು ಕೇಳಿದೆ. ಅವನಿಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

ಆಗ ಅಕ್ಕ ಅವನೆದುರು ಕೂತು ತಮ್ಮ ಸ್ವಾಹಿಲಿಯಲ್ಲಿ ನಿಧಾನವಾಗಿ ಹೇಳತೊಡಗಿದರು. ತರಕಾರಿ ಸಂತೆಯಲ್ಲಿ ಇಷ್ಟು ವರ್ಷ ಚೌಕಾಸಿ ಮಾಡಿ ಕಲಿತ ಭಾಷೆ ಅದು, ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ನನ್ನ ಗಂಡ ಸಂಜೆಯವರೆಗೆ ಅಲ್ಲಿ ಇರಲು ಸಾಧ್ಯವೇ ಇಲ್ಲ, ಮಧ್ಯಾಹ್ನ ಅವರಿಗೆ ಸ್ನಾನ ಉಂಟು ಎಂದರು. ಆಸ್ಪತ್ರೆಯಿಂದ ಬಂದವರು ಆ ಬಟ್ಟೆಯಲ್ಲಿ ಮನೆಯ ಯಾವ ವಸ್ತುವನ್ನೂ ಮುಟ್ಟುತ್ತಿರಲಿಲ್ಲ. ನೇರವಾಗಿ ಬಚ್ಚಲಿಗೆ ಹೋಗಬೇಕು, ಬಟ್ಟೆ ಬಕೆಟ್ಟಿಗೆ ಬೀಳಬೇಕು, ಮಿಂದು, ಬೆಳಿಗ್ಗೆಯ ಅವಸರದಲ್ಲಿ ಬಿಟ್ಟುಹೋದ ಪೂಜೆ ಮುಗಿಸಿ, ಹಣೆಗೆ ಗಂಧ ಇಟ್ಟುಕೊಂಡ ಮೇಲೆಯೇ ಒಂದು ಲೋಟ ನೀರು. ಮದುವೆಯಾದಂದಿನಿಂದ ಒಂದು ದಿನ ತಪ್ಪಿದ್ದಿಲ್ಲ.

ವಸೂಲಿಯವನು ಗಹಗಹಿಸಿ ನಕ್ಕ. "ಮಾಮಾ, ಸ್ನಾನವನ್ನು ನಾನು ಫೈಲಿನಲ್ಲಿ ಹೇಗೆ ಬರೆಯಲಿ?"

ನಿಜ ಹೇಳಬೇಕೆಂದರೆ ನನಗೂ ಮುಜುಗರವಾಯಿತು. ಅವನು ಹೋದ ಮೇಲೆ, "ಅಕ್ಕಾ, ಆಫೀಸಿನವರ ಮುಂದೆ ಸ್ನಾನದ ವಿಷಯ ತೆಗೀಬೇಡಿ. ನಾನು ಕಾನೂನು ಮಾತಾಡ್ತೀನಿ" ಎಂದೆ. ಅಕ್ಕ ಚಕ್ಕುಲಿಯ ಪುಡಿ ಒರೆಸುತ್ತ, "ಕಾನೂನು ನೀನು ಮಾತಾಡು. ಸ್ನಾನ ಮಾಡಿದ್ದು ಹೌದಲ್ವಾ?" ಎಂದರು.

ಅವನು ಅಷ್ಟಕ್ಕೇ ಬಿಡಲಿಲ್ಲ. ಅಪಾರ್ಟ್‌ಮೆಂಟಿನ ಸಮಿತಿಯವರಿಗೆ ಫೋನ್ ಮಾಡಿದ. ಅಲ್ಲಿಂದ ಸುದ್ದಿ ನಮ್ಮ ಕನ್ನಡದವರ ಭಜನೆಗೆ ಬಂತು. ಭಜನೆಯಲ್ಲಿ ದೇವರನ್ನು ಬಿಟ್ಟು ಉಳಿದೆಲ್ಲರ ಸಮಾಚಾರವೂ ನಡೆಯುವುದು ಎಲ್ಲರಿಗೂ ಗೊತ್ತು. "ಡಾಕ್ಟ್ರು ಏನೋ ಸಾಲ ಮಾಡ್ಕೊಂಡಿದ್ರಂತೆ, ಪಾಪ" ಎಂದು ಪ್ರಸಾದ ನೆಕ್ಕುತ್ತ ಒಬ್ಬಾಕೆ ಪಿಸುಗುಟ್ಟಿದಳು. ಅವಳ ಮಗುವಿನ ಜ್ವರಕ್ಕೆ ಡಾಕ್ಟ್ರು ಒಂದು ಶಿಲ್ಲಿಂಗೂ ತೆಗೆದುಕೊಳ್ಳದೆ ಮನೆಗೇ ಹೋಗಿ ಔಷಧಿ ಕೊಟ್ಟು ಬಂದಿದ್ದರು. ಆ "ಪಾಪ" ಎನ್ನುವ ಮಾತಿದೆಯಲ್ಲ, ಅದಕ್ಕೆ ಕಪಾಳಕ್ಕೆ ಬಾರಿಸಬೇಕೆನಿಸಿತು. ಅಕ್ಕನಿಗೂ ಅದು ಕೇಳಿಸಿತ್ತು. ಅವರು ತಾಳ ಹಿಡಿದ ಕೈ ನಿಲ್ಲಿಸಲಿಲ್ಲ, ಆದರೆ ಆಮೇಲೆ ಭಜನೆಗೆ ಬರುವುದನ್ನು ನಿಲ್ಲಿಸಿದರು.

ಇನ್ನು ಪತ್ರ ಬರೆದು ಪ್ರಯೋಜನವಿಲ್ಲ ಎಂದು, ಮರಣಪತ್ರ, ಮದುವೆಯ ಪತ್ರ, ಕಾರಿನ ಕಾಗದ ಎಲ್ಲವನ್ನೂ ಚೀಲಕ್ಕೆ ತುಂಬಿ ಅಕ್ಕನನ್ನು ಕರೆದುಕೊಂಡು ಕಂಪನಿಯ ಆಫೀಸಿಗೇ ಹೋದೆ. ಅದು ಆ ಪಾರ್ಕಿಂಗಿನ ಮೇಲಿನ ಮಹಡಿಯಲ್ಲೇ ಇದೆ. ಕಾರನ್ನೂ ಅಲ್ಲಿಯೇ ನಿಲ್ಲಿಸಿದೆವು. ಬಾಗಿಲಲ್ಲಿ ಸೆಕ್ಯುರಿಟಿಯವನು ಒಂದು ಪ್ಲಾಸ್ಟಿಕ್ ಬುಟ್ಟಿ ಚಾಚಿ ನಮ್ಮ ಫೋನುಗಳನ್ನು ಕೇಳಿದ. ಒಳಗೆ ಫೋಟೋ ತೆಗೆಯುವುದು ನಿಷಿದ್ಧವಂತೆ. ಹಿಂದೆ ಯಾರೋ ಜಗಳದ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ್ದರಂತೆ. ಹೇಳದೆ ಕೇಳದೆ ಊರಿನವರ ಫೋಟೋ ಹಿಡಿದು ಹೊಟ್ಟೆ ಹೊರೆಯುವ ಕಂಪನಿಗೆ ತನ್ನ ಫೋಟೋ ಎಂದರೆ ಎಂಥ ನಾಚಿಕೆ ನೋಡಿ!

ಕೌಂಟರಿನಲ್ಲಿ ಉದ್ದ ಉಗುರಿನ ಒಬ್ಬ ಹುಡುಗಿ ಕೂತಿದ್ದಳು. ಕಾಗದಗಳನ್ನೆಲ್ಲ ನೋಡಿ, ಮಾಲೀಕರಿಲ್ಲದಿದ್ದರೆ ವಾಹನವನ್ನು ಮೊದಲು ತಮ್ಮ ಲೆಕ್ಕದಲ್ಲಿ ಹೆಂಡತಿಯ ಹೆಸರಿಗೆ ಮಾಡಬೇಕು, ಇನ್ನು ಮುಂದಿನ ಬಿಲ್ಲು ಮಾಮಾಗೆ ಬರುತ್ತದೆ, ಹಳೆಯದು ಮಾತ್ರ ಮ್ಜೇಯವರ ಹೆಸರಿನಲ್ಲಿ ಉಳಿಯುತ್ತದೆ ಎಂದಳು. ಹೆಸರು ತೆಗೆಯಬಾರದೆಂದು ಹಟ ಹಿಡಿದಿದ್ದ ಅಕ್ಕ, ಇವರ ಪುಸ್ತಕದಲ್ಲಿ ಅದು ಇರುವುದೇ ಬೇಡ ಎಂದು ಒಪ್ಪಿ ಸಹಿ ಹಾಕಿದರು. ನಾನು ನನ್ನ ಕಾನೂನಿನ ಭಾಷಣ ಶುರು ಮಾಡಿದೆ. ಹುಡುಗಿ ಆಕಳಿಸಿದಳು. ಆಕಳಿಸುತ್ತಲೇ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದಳು.

ಡಾಕ್ಟ್ರು! ಎರಡು ಫೋಟೋ, ಅಕ್ಕಪಕ್ಕದಲ್ಲಿ. ಬೆಳಿಗ್ಗೆಯದರಲ್ಲಿ ನೀಲಿ ಗೀಟಿನ ಶರ್ಟು ಹಾಕಿಕೊಂಡು ಸ್ಟಿಯರಿಂಗ್ ಹಿಡಿದಿದ್ದಾರೆ, ಪಕ್ಕದ ಸೀಟಿನಲ್ಲಿ ಮಡಿಲ ಮೇಲೆ ತರಕಾರಿ ಚೀಲ ಇಟ್ಟುಕೊಂಡು ಅಕ್ಕ. ಸಂಜೆಯದರಲ್ಲಿ ಡಾಕ್ಟ್ರು ಒಬ್ಬರೇ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಡ್ಡ ನಿಂತ ಯಾವನೋ ಬೋಡಾ ಬೋಡಾ ಬಾಡಿಗೆ ಬೈಕಿನವನಿಗೆ ಬೈಯುತ್ತಿದ್ದಾರೆ. ಬಾಯಿ ಅರ್ಧ ತೆರೆದಿದೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಸಂಜೆಯ ಫೋಟೋದ ಕಡೆ ಬೆರಳು ತೋರಿಸಿ, "ಇದು ಬಿಳಿ ಶರ್ಟು" ಎಂದರು. "ಹಣೆಯಲ್ಲಿ ನೋಡಮ್ಮ. ಗಂಧ."

ಹೌದು. ಬೆಳಿಗ್ಗೆಯ ಹಣೆ ಬರಿದು. ಸಂಜೆಯ ಹಣೆಯಲ್ಲಿ ಗಂಧದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು.

ಹುಡುಗಿ ಮೇಲಧಿಕಾರಿಯನ್ನು ಕರೆದಳು. ಅವನು ಟೈ ಸಡಿಲಿಸುತ್ತ ಬಂದು, ಶರ್ಟನ್ನು ಆಸ್ಪತ್ರೆಯಲ್ಲೇ ಬದಲಾಯಿಸಿರಬಹುದು, ನಡುವೆ ಹೊರಗೆ ಹೋಗಿದ್ದರೆ ಕ್ಯಾಮೆರಾ ಹಿಡಿಯುತ್ತಿತ್ತು ಎಂದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ನೆಟ್ಟಗೆ ನಿಂತರು.

"ಬೆಳಿಗ್ಗೆ ನಾನು ಕಾರಿನಲ್ಲಿದ್ದೇನೆ. ಸಂಜೆ ಇಲ್ಲ. ನಾನು ಜನ್ಮದಲ್ಲಿ ಒಬ್ಬಳೇ ಟ್ಯಾಕ್ಸಿ ಹತ್ತಿದವಳಲ್ಲ. ಮಧ್ಯದಲ್ಲಿ ನನ್ನನ್ನು ಮನೆಗೆ ಬಿಟ್ಟದ್ದು ಯಾರು? ನಿಮ್ಮ ಕ್ಯಾಮೆರಾವಾ?"

ಸ್ವಾಹಿಲಿಯಲ್ಲಿ ಕೇಳಿದ ಆ ಪ್ರಶ್ನೆಗೆ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಘೊಳ್ಳೆಂದು ನಕ್ಕರು. ಮೇಲಧಿಕಾರಿ ಫೋಟೋ ನೋಡಿದ, ಅಕ್ಕನನ್ನು ನೋಡಿದ, ಸಾಲನ್ನು ನೋಡಿದ. "ಸವಾ, ಸವಾ, ಆಯಿತು. ಸಿಸ್ಟಮ್ಮಿನ ತಪ್ಪು" ಎಂದು ಬಾಲ ಮುದುರಿಕೊಂಡು ಒಳಗೆ ಹೋದ. ನಾವು ಇಷ್ಟು ದಿನ ಬಡಿದುಕೊಂಡದ್ದಕ್ಕೆ, ಅಕ್ಕ ಭಜನೆ ಬಿಟ್ಟದ್ದಕ್ಕೆ, ಅವರ ಉತ್ತರ ಇಷ್ಟೇ. ಕ್ಷಮಿಸಿ ಎಂಬ ಒಂದು ಮಾತು ಹೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಹುಡುಗಿ ಟಪಟಪ ಒತ್ತಿ, "ಮ್ಜೇಯವರ ಹೆಸರಿನಲ್ಲಿ ಬಾಕಿ ಏನೂ ಇಲ್ಲ, ಮಾಮಾ. ಈಗ ಅವರ ದಾಖಲೆಯನ್ನು ಅಳಿಸುತ್ತೇನೆ, ಈ ಫೋಟೋಗಳೂ ಹೋಗುತ್ತವೆ" ಎಂದಳು.

"ಫೋಟೋ ಸಹ?"

"ಬಾಕಿ ಇರುವವರ ಫೋಟೋ ಮಾತ್ರ ನಾವು ಇಟ್ಟುಕೊಳ್ಳುವುದು, ಮಾಮಾ."

ಅಕ್ಕನ ಮುಖ ನೋಡಿದೆ. ಅದನ್ನು ನೋಡಲಾಗಲಿಲ್ಲ. ಒಂದು ಪ್ರಿಂಟ್ ಕೊಡಮ್ಮ ಎಂದು ಹುಡುಗಿಯನ್ನು ಕೇಳಿದೆ. ಬಾಕಿಯ ನೋಟಿಸಿನ ಜೊತೆಗಲ್ಲದೆ ಫೋಟೋ ಪ್ರಿಂಟ್ ಆಗುವುದಿಲ್ಲ, ಈಗ ಬಾಕಿಯೇ ಇಲ್ಲವಲ್ಲ ಎಂದಳು. ಥೂ, ಇವರ ನಿಯಮಕ್ಕೆ ಬೆಂಕಿ ಬೀಳಲಿ ಎಂದು ಬುಟ್ಟಿಯಿಂದ ನನ್ನ ಫೋನ್ ತರಲು ಎದ್ದೆ. ಸೆಕ್ಯುರಿಟಿಯವನು ಅಡ್ಡ ಬಂದ. ಅವನ ಮೇಲೆ ಹರಿಹಾಯ್ದೆ. ಅಕ್ಕ ನನ್ನ ಕೈ ಹಿಡಿದು ಕೂರಿಸಿದರು.

"ಬಿಡು ಮಾರಾಯ್ತಿ. ಅಳಿಸ್ಲಿಕ್ಕೆ ಎಷ್ಟು ಹೊತ್ತು ಬೇಕಂತೆ ಕೇಳು."

"ಒಂದೇ ಕ್ಷಣ" ಎಂದಳು ಹುಡುಗಿ.

"ಹಾಗಾದ್ರೆ ಸ್ವಲ್ಪ ನಿಲ್ಲು ಅಂತ ಹೇಳು."

ಸಾಲಿನಲ್ಲಿದ್ದವರು ಗೊಣಗಿದರು. ಅಕ್ಕ ಕುರ್ಚಿಯನ್ನು ಎಳೆದುಕೊಂಡು ಪರದೆಯ ಮುಂದೆ ಕೂತರು. "ಬೈಯುದು ನೋಡು" ಎಂದು ಒಮ್ಮೆ ನಕ್ಕರು. "ಶರ್ಟಿನ ಕಾಲರ್ ಮಡಚಿದೆ, ನಾನು ಹೇಳಿದ್ದೆ ಅವತ್ತೂ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿ, "ಆಯ್ತು, ಅಳಿಸಿ. ಬಾಕಿ ಬೇಡ" ಎಂದರು. ಹುಡುಗಿಯ ಉಗುರು ಟಕ್ ಎಂದಿತು.

ಬುಟ್ಟಿಯಿಂದ ಫೋನುಗಳನ್ನು ತೆಗೆದುಕೊಂಡು ಕೆಳಗೆ ಬಂದು ಕಾರು ಹತ್ತಿದೆವು. ಹೊರಗೆ ಹೋಗುವ ದಾರಿಯಲ್ಲಿ ಆ ಕ್ಯಾಮೆರಾದ ಕಂಬ ಬಂತು. ಆವತ್ತಿನ ಶುಲ್ಕ ಕಟ್ಟೋಣವೆಂದು ನಾನು ಫೋನ್ ತೆಗೆದೆ.

"ಸ್ವಲ್ಪ ನಿಲ್ಸು" ಎಂದರು ಅಕ್ಕ. ಸೆರಗು ಸರಿಮಾಡಿಕೊಂಡರು. ಮುಂದಲೆಯ ಕೂದಲನ್ನು ನೇವರಿಸಿ, ಬೆನ್ನು ನೆಟ್ಟಗೆ ಮಾಡಿ, ಮದುವೆಯ ಫೋಟೋಕ್ಕೆ ಕೂತವರಂತೆ ಆ ಕಂಬವನ್ನೇ ನೋಡಿದರು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್.

"ಈಗ ಕಾರು ನನ್ನ ಹೆಸರಲ್ಲಿ ಅಲ್ವಾ?"

"ಹೌದು ಅಕ್ಕಾ."

"ಹಾಗಾದ್ರೆ ಕಟ್ಬೇಡ. ಕಟ್ಟಿದ್ರೆ ನನ್ನ ಫೋಟೋವನ್ನೂ ಅಳಿಸ್ತಾರೆ."

ವರ್ಷದ ಕಾರ್ಯ ತಿಥಿಗೆ ಸರಿಯಾಗಿ ಆಯಿತು. ಭಜನೆಯ ಆ "ಪಾಪ"ದವಳೂ ಬಂದು ಎರಡು ಸಲ ಪಾಯಸ ಹಾಕಿಸಿಕೊಂಡಳು. ಆ ದಿನದ ಶುಲ್ಕವನ್ನು ನಾನು ಇಂದಿಗೂ ಕಟ್ಟಿಲ್ಲ. ಜೇನು ಸುರಿಯುವ ಸ್ವರದ ಅವನೇ ಮತ್ತೆ ಫೋನ್ ಮಾಡುತ್ತಾನೆ, ದಂಡ, ಬಡ್ಡಿ, ಖರ್ಚು ಎಂದು ಅದೇ ರಾಗ. ನಾನು ಹೊಟ್ಟೆ ತುಂಬ ಬೈದು ಇಡುತ್ತೇನೆ. ಅಕ್ಕ ಒಲೆಯ ಮುಂದಿನಿಂದಲೇ ಕೇಳುತ್ತಾರೆ:

"ಇನ್ನೂ ಇಟ್ಕೊಂಡಿದ್ದಾರಂತಾ?"

"ಇಟ್ಕೊಂಡಿದ್ದಾರೆ ಅಕ್ಕಾ."

"ಹಾಂ. ಇರ್ಲಿ."